ಮೂರನೆಯ ಹಾಡಿನ ನಾಲ್ಕು ನಿಮಿಷ

ಸೇಡಂ
೧೪ ಜನವರಿ ೨೦೨೪

ಕಾಶೀನಾಥ ಸರ್ ಅವರಿಗೆ,

ಜೈ ಭೀಮ್.

ನನ್ನ ಹೆಸರು ಲುಂಬಿನಿ. ಊರು ವಾಡಿ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೇನೆ, ಸೇಡಂನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದೇನೆ. ನೀವು ರೇಡಿಯೊದಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಪಾಶ್ಚಾತ್ಯ ಸಂಗೀತದ ಕಾರ್ಯಕ್ರಮ ನಡೆಸುತ್ತಿದ್ದಿರಿ. ನಾನಾಗ ಏಳನೇ ಇಯತ್ತೆ. ಒಂದೇ ಹಾಡು ಇಪ್ಪತ್ತು ನಿಮಿಷ ಇರಬಹುದು, ನಡುವೆ ಮೂರು ಸಲ ತಾಳ ಬದಲಾಗಬಹುದು, ಅದಕ್ಕೆ ಪ್ರೊಗ್ರೆಸಿವ್ ರಾಕ್ ಅಂತಾರೆ ಎಂದು ನಾನು ಮೊದಲು ಕೇಳಿದ್ದು ನಿಮ್ಮ ಬಾಯಿಂದ. ಈಗ ನೀವು ಮಾಸಪತ್ರಿಕೆಯಲ್ಲಿ ಬರೆಯುವ ವಿಮರ್ಶೆಯನ್ನೂ ತಪ್ಪದೇ ಓದುತ್ತೇನೆ.

ನಾವು ಮೂವರು ಸೇರಿ ಒಂದು ಆಲ್ಬಮ್ ಮಾಡಿದ್ದೇವೆ. ಕೀಬೋರ್ಡ್ ನನ್ನದು, ಡ್ರಮ್ಸ್ ಅಜಯಕುಮಾರನದು, ಗಿಟಾರ್ ಮತ್ತು ಬೇಸ್ ಸಾಯಿಕುಮಾರನವು. ಶಹಾಬಾದಿನಲ್ಲಿ ಮಜೀದಸಾಬ್ ಎಂಬುವರ ಕಲ್ಲು ಪಾಲಿಶ್ ಮಾಡುವ ಶೆಡ್ಡಿಗೆ ಶುಕ್ರವಾರ ಸೂಟಿ. ಎರಡು ವರ್ಷ ಪ್ರತಿ ಶುಕ್ರವಾರ ಅಲ್ಲೇ ಬಾರಿಸಿದೆವು. ಆಲ್ಬಮ್ಮಿನ ಹೆಸರು 'ಕಾಗಿಣಾ'. ಐದು ಹಾಡು, ಐವತ್ಮೂರು ನಿಮಿಷ. ನದಿಯ ಜೊತೆ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ. ಮೊದಲನೆಯದು ಅದರ ಉಪನದಿ ಮುಲ್ಲಾಮಾರಿ, ಕೊನೆಯದು ಸಂಗಮದ ಊರು ಹೊನಗುಂಟಾ. ಮಾತು ಎಲ್ಲೂ ಇಲ್ಲ, ಬರೀ ವಾದ್ಯ.

ಹೈದರಾಬಾದಿನ ಒಂದು ಕಂಪನಿಯವರು ಇದನ್ನು ಹೊರತರಲು ಒಪ್ಪಿದ್ದಾರೆ. ಆದರೆ ನಲವತ್ತೈದು ನಿಮಿಷಕ್ಕೆ ಇಳಿಸಿ ಮಾರ್ಚ್ ಮುಗಿಯುವುದರೊಳಗೆ ಕಳಿಸಬೇಕಂತೆ. ಮೂರನೆಯ ಹಾಡು 'ಫರ್ಸಿ' ಹತ್ತೊಂಬತ್ತು ನಿಮಿಷ ಇದೆ. ಅಜಯ ಅದನ್ನೇ ಕತ್ತರಿಸೋಣ ಅನ್ನುತ್ತಾನೆ, ನನಗೆ ಮನಸ್ಸಿಲ್ಲ. ನೀವು ಕೇಳಿ, ಎಲ್ಲಿ ಸಾಕು, ಎಲ್ಲಿ ಹೆಚ್ಚಾಯಿತು ಹೇಳಬೇಕು. ಹೊಗಳಿಕೆ ಬೇಡ ಸರ್. ಪೆನ್ ಡ್ರೈವ್ ಇದರ ಜೊತೆಗಿದೆ. ನನ್ನ ನಂಬರೂ ಕೆಳಗಿದೆ.

ನಿಮ್ಮ ಹಳೆಯ ಶ್ರೋತೃ,
ಲುಂಬಿನಿ

•

ಚಿಂಚೋಳಿ
೩೦ ಜನವರಿ ೨೦೨೪

ಕುಮಾರಿ ಲುಂಬಿನಿ ಅವರಿಗೆ ಶರಣು.

ಪೆನ್ ಡ್ರೈವ್ ತಲುಪಿತು. ಹೊಗಳಿಕೆ ಬೇಡ ಎಂದು ಬರೆಯುವವರೆಲ್ಲ ಅದಕ್ಕಾಗಿಯೇ ಬರೆದಿರುತ್ತಾರೆ. ನಿಮ್ಮನ್ನು ನಂಬಿ ನೋಡುತ್ತೇನೆ.

ನನ್ನ ಪದ್ಧತಿ ಹೇಳಿಬಿಡುತ್ತೇನೆ. ಹತ್ತು ಸಲ ಕೇಳದೆ ಒಂದು ಸಾಲೂ ಬರೆಯುವುದಿಲ್ಲ. ಏನು, ಯಾಕೆ, ಯಾವ ವಾದ್ಯ ಎಂಬ ಟಿಪ್ಪಣಿ ಕಳಿಸಬೇಡಿ. ಸಂಗೀತವೇ ತನ್ನ ಬಗ್ಗೆ ಹೇಳಿಕೊಳ್ಳಲಿ. ಇನ್ನೊಂದು, ಫೋನ್ ಮಾಡಬೇಡಿ. ಏನಿದ್ದರೂ ಕಾಗದದಲ್ಲಿ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದಕ್ಕೆ ಇಬ್ಬರೂ ಜವಾಬ್ದಾರರು.

ಈವರೆಗೆ ಮೂರು ಸಲ ಕೇಳಿದ್ದೇನೆ. ಅಭಿಪ್ರಾಯ ಇನ್ನೂ ಇಲ್ಲ. ನನ್ನ ಹೆಂಡತಿ ಸೂಗಮ್ಮ ಮಾತ್ರ ಮೊದಲ ಹಾಡಿಗೇ ತೀರ್ಪು ಕೊಟ್ಟಳು: "ಇದೇನ್ರಿ, ಘಾಟಿನ್ಯಾಗ ಲಾರಿ ಗೇರ್ ಬದ್ಲಿ ಮಾಡ್ದಂಗ ಆಗ್ಲಿಕತ್ತದ. ಒಂದು ಹಿಡಿದ್ರ ಒಂದು ಬಿಡ್ತದ." ಆಕೆ ಚಿಮ್ಮನಚೋಡದ ಒಕ್ಕಲುತನದ ಮನೆಯವಳು. ಇಂಥ ಸಂಗೀತವನ್ನು ನನ್ನ ಕಾಟಕ್ಕೆ ಕೇಳುತ್ತಾಳೆ. ಆದರೆ ಆಕೆ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಒಂದು ತಿಂಗಳು ಕಾಯಿರಿ.

ಕಾಶೀನಾಥ

•

ವಾಡಿ
೧೧ ಫೆಬ್ರವರಿ ೨೦೨೪

ಸರ್,

ಕ್ಷಮಿಸಿ, ನಿಮ್ಮ ಮಾತು ಮೀರಿ ಮೊನ್ನೆ ಫೋನ್ ಮಾಡಿದೆ. ಕಂಪನಿಯವರು ಎರಡು ಸಲ ಕೇಳಿದ್ದರಿಂದ ಅವಸರವಾಯಿತು. ಸೂಗಮ್ಮನವರು ಎತ್ತಿದರು. "ಸಾಹೇಬ್ರು ಫೋನಿನ್ಯಾಗ ಮಾತಾಡಂಗಿಲ್ಲವ್ವಾ, ಇಲ್ಲೇ ಬಾಜೂಕ ಕುಂತಾರ, ಆದ್ರ ಮಾತಾಡಂಗಿಲ್ಲ" ಅಂದರು. ಅವರಿಗೇ ಮುಜುಗರ ಆದ ಹಾಗಿತ್ತು. ಇನ್ನು ಮಾಡುವುದಿಲ್ಲ.

ಲಾರಿಯ ಮಾತನ್ನು ಅಜಯನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕ. ಸಾಯಿಕುಮಾರನಿಗೆ ಸಿಟ್ಟು ಬಂತು. ಆ ಗೇರ್ ಬದಲಿ ಮಾಡುವವನು ಅವನೇ.

ಇಂದು ರಜೆ, ಊರಿಗೆ ಬಂದಿದ್ದೇನೆ. ಅವ್ವ ಅಂಗಳದಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಾಳೆ. ನೀವು ಟಿಪ್ಪಣಿ ಬೇಡ ಅಂದಿದ್ದೀರಿ, ಆದ್ದರಿಂದ ಮೂರನೆಯ ಹಾಡಿನ ಬಗ್ಗೆ ಏನೂ ಬರೆಯುವುದಿಲ್ಲ. ಬರೆಯಬೇಕು ಅನಿಸುತ್ತದೆ. ಆದರೆ ಹೇಳಿಕೊಟ್ಟು ಕೇಳಿಸಿದರೆ ಅದು ಕೇಳಿದ ಹಾಗಾಗುವುದಿಲ್ಲ, ಕರುಣೆ ತೋರಿಸಿದ ಹಾಗಾಗುತ್ತದೆ. ನೀವೇ ಸರಿ.

ಲುಂಬಿನಿ

•

ಚಿಂಚೋಳಿ
೨೬ ಫೆಬ್ರವರಿ ೨೦೨೪

ಲುಂಬಿನಿ ಅವರಿಗೆ ಶರಣು.

ಹನ್ನೊಂದು ಸಲ ಕೇಳಿದೆ. ಈಗ ಬರೆಯಬಹುದು.

ಮುಲ್ಲಾಮಾರಿ: ಹನ್ನೊಂದು ನಿಮಿಷದಲ್ಲಿ ಆರು ಸಲ ತಾಳ ಬದಲಾಗುತ್ತದೆ. ಪರೀಕ್ಷೆಯಲ್ಲಿ ಎಲ್ಲ ಉತ್ತರವೂ ಗೊತ್ತಿರುವ ಹುಡುಗಿ ಎಲ್ಲವನ್ನೂ ಮೊದಲ ಪುಟದಲ್ಲೇ ಬರೆದಂತಿದೆ. ಜಾಣತನ ಕಾಣುತ್ತದೆ, ನದಿ ಕಾಣುವುದಿಲ್ಲ. ನಾಲ್ಕು ನಿಮಿಷ ಕಳೆಯಿರಿ.

ಜಂಕ್ಷನ್: ಇದು ಪೂರ್ಣ. ಏಳರ ತಾಳವನ್ನು ಎಣಿಸದೆಯೇ ಕಾಲು ಕುಣಿಯುತ್ತದೆ. ಗೂಡ್ಸ್ ಗಾಡಿ ಹಳಿ ಬದಲಿಸುವುದನ್ನು ನೋಡುತ್ತ ಬೆಳೆದವರು ಮಾತ್ರ ಹೀಗೆ ಬಾರಿಸಬಲ್ಲರು. ಅಜಯಕುಮಾರ್ ಅವರಿಗೆ ನನ್ನ ಶರಣು ತಿಳಿಸಿ.

ಕೊನೆಯ ಹೊನಗುಂಟಾದಲ್ಲಿ, ಭೀಮಾ ಬಂದು ಕೂಡುವ ಜಾಗದಲ್ಲಿ, ಬೇಸ್ ಒಂದು ಎಳೆಯಷ್ಟು ತಡವಾಗಿ ಬರುತ್ತದೆ. ಆರನೆಯ ನಿಮಿಷ. ಬೇಕೆಂದು ಮಾಡಿದ್ದಲ್ಲ, ತಪ್ಪು. ತಿದ್ದಿ. ಸುಣ್ಣ ಎಂಬ ನಾಲ್ಕನೆಯದು ಸೇತುವೆಯಷ್ಟೆ, ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ.

ಇನ್ನು ಫರ್ಸಿ. ಆಲ್ಬಮ್ಮಿನ ಎದೆ ಇದೇ ಎಂದು ನೀವು ತಿಳಿದಿದ್ದೀರಿ, ನನಗೂ ಹಾಗೇ ಅನಿಸಿತು, ಒಂದು ಜಾಗದ ತನಕ. ಏಳನೆಯ ನಿಮಿಷಕ್ಕೆ ಎಲ್ಲ ವಾದ್ಯ ನಿಲ್ಲುತ್ತವೆ. ಆಮೇಲೆ ನಾಲ್ಕು ನಿಮಿಷ ಏನೂ ಇಲ್ಲ. ಮೌನಕ್ಕೂ ಒಂದು ಅಳತೆ ಇರುತ್ತದೆ. ಅರ್ಧ ನಿಮಿಷದ ಮೌನ ಧೈರ್ಯ, ಒಂದು ನಿಮಿಷದ್ದು ಸಾಹಸ. ನಾಲ್ಕು ನಿಮಿಷ ಕೇಳುಗನನ್ನು ಖಾಲಿ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಹೋಗುವುದು ಅಹಂಕಾರ. ಅದಾದ ಮೇಲೆ ಡ್ರಮ್ಸ್ ಹನ್ನೊಂದರ ತಾಳದಲ್ಲಿ ಬರುತ್ತವೆ. ಆ ಹನ್ನೊಂದು ಎಲ್ಲಿಂದ ಬಂತು? ತಾಳಕ್ಕೊಂದು ತವರುಮನೆ ಇರಬೇಕು. ಇಲ್ಲಿ ಇಲ್ಲ.

ಆ ಖಾಲಿ ನಾಲ್ಕು ನಿಮಿಷ ತೆಗೆದುಹಾಕಿ. ಮುಲ್ಲಾಮಾರಿಯ ನಾಲ್ಕೂ ಸೇರಿ ನಿಮಗೆ ಬೇಕಾದ ನಲವತ್ತೈದು ಸರಿಯಾಗಿ ಸಿಗುತ್ತದೆ. ಅಷ್ಟು ಮಾಡಿದರೆ ಇದು ನಮ್ಮ ಭಾಗದಿಂದ ಬಂದ ದೊಡ್ಡ ಕೆಲಸ, ಸಂಕೋಚವಿಲ್ಲದೆ ಹೇಳುತ್ತೇನೆ. ವಿಮರ್ಶೆ ಏಪ್ರಿಲ್ ಸಂಚಿಕೆಗೆ ಕಳಿಸುತ್ತೇನೆ.

ಕಾಶೀನಾಥ

•

ಸೇಡಂ
೬ ಮಾರ್ಚ್ ೨೦೨೪

ಕಾಶೀನಾಥ ಅವರಿಗೆ,

ನಿಮ್ಮ ಪತ್ರ ಬಂತು.

ಏನೂ ಇಲ್ಲ ಎಂದು ನೀವು ಬರೆದ ಆ ನಾಲ್ಕು ನಿಮಿಷದಲ್ಲಿ ನನ್ನ ಅವ್ವ ಇದ್ದಾಳೆ. ಆಕೆಯ ಹೆಸರು ಯಂಕಮ್ಮ. ಇಪ್ಪತ್ತೆರಡು ವರ್ಷ ವಾಡಿ ಸುತ್ತಲಿನ ಖಣಿಗಳಲ್ಲಿ ಕಲ್ಲು ಕಡಿದಳು. ಮೊಣಕಾಲು ಹೋದ ಮೇಲೆ ಬಿಟ್ಟಳು. ಆ ಹಾಡಿಗಾಗಿ ಒಂದು ದಿನ ಮತ್ತೆ ಖಣಿಗೆ ಇಳಿದು ಸುತ್ತಿಗೆ, ಉಳಿ ಹಿಡಿದು ಫರ್ಸಿ ಹಾಸುಗಲ್ಲಿನ ಅಂಚು ಒಡೆದಳು. ನಾನು ಎದುರಿನ ದಂಡೆಯ ಮೇಲೆ ಮೈಕ್ ಹಿಡಿದು ನಿಂತಿದ್ದೆ. ಹತ್ತಿರ ಹೋದರೆ ಸುತ್ತಿಗೆಯ ಗುದ್ದು ಹೆಚ್ಚಾಗುತ್ತಿತ್ತು. ದೂರದಿಂದ ಉಳಿಯ ಸಣ್ಣ ದನಿ ಒಂದೇ ಬರುತ್ತಿತ್ತು, ನೂಲಿನ ಎಳೆಯ ಹಾಗೆ. ನಾಲ್ಕು ಏಟು, ಮೂರು ಏಟು, ಮತ್ತೆ ನಾಲ್ಕು. ಆಕೆಯ ಕೈ ಯಾವತ್ತೂ ಹಾಗೆಯೇ. ಹನ್ನೊಂದು ಎಲ್ಲಿಂದ ಬಂತು ಎಂದು ಕೇಳಿದಿರಲ್ಲ, ಅಲ್ಲಿಂದ.

ಹನ್ನೊಂದು ಸಲ ಕೇಳಿದೆ ಎಂದು ಬರೆದಿದ್ದೀರಿ. ಹನ್ನೊಂದು ಸಲವೂ ಅದು ನಿಮಗೆ ಸಪ್ಪಳ ಅಂತ ಕೂಡ ಲೆಕ್ಕಕ್ಕೆ ಬರಲಿಲ್ಲ. ಗೂಡ್ಸ್ ಗಾಡಿ ನಿಮಗೆ ಸಂಗೀತವಾಯಿತು. ಖಣಿಯಲ್ಲಿ ದುಡಿದ ಹೆಂಗಸಿನ ಉಳಿ ಮಾತ್ರ ಖಾಲಿ ಕೋಣೆ. ನಿಮ್ಮ ಮನೆಯ ನೆಲಕ್ಕೂ ಶಹಾಬಾದ ಕಲ್ಲೇ ಇರಬೇಕು. ಅದರ ಮೇಲೆ ಓಡಾಡುವಾಗಲೂ ಹೀಗೆಯೇ, ಯಾರೂ ಏನೂ ಮಾಡಿಲ್ಲ ಎನ್ನುವ ಹಾಗೆ ಓಡಾಡುತ್ತೀರಿ ಅನಿಸುತ್ತದೆ.

ಅಜಯ "ನೋಡು, ಅವ್ರೂ ಅದೇ ಹೇಳ್ಯಾರ" ಅಂದ. ವಾದ ಮಾಡಲು ನನ್ನಲ್ಲಿ ಬಲ ಉಳಿದಿರಲಿಲ್ಲ. ನೀವು ಹೇಳಿದ ಎರಡು ಕಡೆಯೂ ನಾಲ್ಕು ನಾಲ್ಕು ನಿಮಿಷ ತೆಗೆದು ಕಂಪನಿಗೆ ಕಳಿಸಿದೆವು. ವಿಮರ್ಶೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಲುಂಬಿನಿ

•

ಚಿಂಚೋಳಿ
೨೪ ಮಾರ್ಚ್ ೨೦೨೪

ಲುಂಬಿನಿ,

ಹದಿನೈದು ದಿನ ನಿಮ್ಮ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಉತ್ತರ ಸುಲಭವಿತ್ತು. ಬರೆಯುವುದು ಕಷ್ಟವಿತ್ತು.

ಪತ್ರ ಓದಿದ ಸಂಜೆ ಸೂಗಮ್ಮನನ್ನು ಕರೆದು ಕೂರಿಸಿ ಏಳನೆಯ ನಿಮಿಷಕ್ಕೆ ಹಾಡು ಹಚ್ಚಿದೆ. "ಏನು ಕೇಳ್ತದ?" ಅಂದೆ. ಆಕೆ ನನ್ನ ಮುಖ ನೋಡಿದಳು. "ಯಾರೋ ಕಲ್ಲು ಒಡಿಲಿಕತ್ತಾರಲ್ರಿ. ಅಷ್ಟು ಚೆಂದ ಟಿಣ್ ಟಿಣ್ ಅನ್ಲಿಕತ್ತದ" ಅಂದಳು. ನನಗೆ ಏನೂ ಇರಲಿಲ್ಲ. ದನಿ ಏರಿಸಿದೆ, ಏನೂ ಇಲ್ಲ. ಪೂರ್ತಿ ಏರಿಸಿದೆ. ಆಕೆ ಕಿವಿ ಮುಚ್ಚಿಕೊಂಡಳು. ನಾನು ಖಾಲಿ ಕೋಣೆಯಲ್ಲಿ ಕುಳಿತಿದ್ದೆ.

ಮೂರು ವರ್ಷದ ಹಿಂದೆ ಕಲಬುರಗಿಯಲ್ಲಿ ಕಿವಿಯ ಡಾಕ್ಟರು ನಕ್ಷೆ ತೆಗೆದು ತೋರಿಸಿದ್ದರು. ದಪ್ಪ ದನಿಗಳು ಸರಿಯಾಗಿವೆ, ಸಣ್ಣ ದನಿಗಳು ಹೋಗಿವೆ, ಇನ್ನೂ ಹೋಗುತ್ತವೆ ಅಂದರು. ಕುಕ್ಕರಿನ ಸೀಟಿ, ಗುಬ್ಬಿ, ಫೋನಿನಲ್ಲಿ ಮಾತಿನ ಅಂಚು. ಇಷ್ಟೇ ಹೋಗಿರುವುದು ಎಂದುಕೊಂಡಿದ್ದೆ. ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ. ಫೋನ್ ಬೇಡ ಎಂಬುದಕ್ಕೆ ದೊಡ್ಡ ಮಾತು ಕಟ್ಟಿದೆ. ಕೇಳುವುದೇ ನನ್ನ ಕಸುಬು ತಂಗಿ. ಕೇಳಿಸುವುದಿಲ್ಲ ಅಂದರೆ ಆಮೇಲೆ ನಾನು ಯಾರು?

ನಿಮ್ಮ ಅವ್ವನ ಉಳಿಯನ್ನು ನಾನು ಕೀಳೆಂದು ಎಣಿಸಲಿಲ್ಲ. ಅದು ನನಗೆ ಕೇಳಿಸಲಿಲ್ಲ. ಆದರೆ ಇದರಿಂದ ನನ್ನ ತಪ್ಪು ಸಣ್ಣದಾಗುವುದಿಲ್ಲ. ಕೇಳಿಸದವನು ಕೇಳಿಸಲಿಲ್ಲ ಅನ್ನಬೇಕಿತ್ತು. ನಾನು ಅಲ್ಲಿ ಏನೂ ಇಲ್ಲ ಅಂದೆ, ಮೇಲಾಗಿ ಅದಕ್ಕೆ ಅಹಂಕಾರ ಎಂದು ಹೆಸರಿಟ್ಟೆ. ಅಹಂಕಾರ ಯಾರದೆಂದು ಈಗ ಗೊತ್ತಾಗಿದೆ.

ಮೂವತ್ತು ವಿಮರ್ಶೆ ಬರೆದಿದ್ದೇನೆ ಈ ಮೂರು ವರ್ಷದಲ್ಲಿ. ಇನ್ನಾರ ಕೊಳಲನ್ನು, ಇನ್ನಾರ ಗೆಜ್ಜೆಯನ್ನು ಇಲ್ಲ ಅಂದಿದ್ದೇನೋ. ಸಂಪಾದಕರಿಗೆ ಇದೆಲ್ಲವನ್ನೂ ಬರೆದು, ಅಚ್ಚು ಹಾಕಿ ಎಂದು ಕಳಿಸಿದ್ದೇನೆ. ಅಂಕಣ ನಿಲ್ಲಿಸುತ್ತೇನೆ ಎಂದೂ ತಿಳಿಸಿದ್ದೇನೆ.

ಇನ್ನೂ ಸಮಯವಿದ್ದರೆ ನನ್ನ ಮಾತಿಗೆ ಅದನ್ನು ಕತ್ತರಿಸಬೇಡಿ.

ಕಾಶೀನಾಥ

•

ವಾಡಿ
೧೪ ಏಪ್ರಿಲ್ ೨೦೨೪

ಕಾಶೀನಾಥ ಸರ್,

ಜೈ ಭೀಮ್. ಇವತ್ತು ಜಯಂತಿ. ಹೊರಗೆ ಮೆರವಣಿಗೆಗೆ ಜನ ಸೇರುತ್ತಿದ್ದಾರೆ, ನಾನು ಒಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ತಡವಾಯಿತು. ನನಗೂ ಬರೆಯುವುದು ಕಷ್ಟವಿತ್ತು.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಆಕೆಗೆ ಅಕ್ಷರ ಬರುವುದಿಲ್ಲ. ಕೇಳಿ ಮುಗಿಸಿ, "ಮತ್ತ ನೀ ಆ ಸಾಹೇಬ್ರಿಗಿ ಸಿಟ್ಟಿಲೆ ಬರದಿದ್ದೇನು?" ಅಂದಳು. ಹೂಂ ಅಂದೆ.

"ಅವ್ರಿಗಿ ಕೇಳ್ಸಿಲ್ಲಂದ್ರ ಅವ್ರೇನ್ ಮಾಡ್ತಾರ? ನಂಗೂ ಕೇಳ್ಸಂಗಿಲ್ಲಲ್ಲ" ಅಂದಳು.

ನನಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದೆ.

"ಖಣಿಯಾಗ ದಿನಾ ಅದೇ ಸಪ್ಪಳ. ಎಡಗಿವಿ ಹೋಗಿ ಭಾಳ ವರ್ಷ ಆತು, ಬಲಗಿವ್ಯಾಗ ಗುಂಯ್ ಅಂತದ. ನೀ ಅದೇನೋ ಕಿವಿಗಿ ಹಚ್ಚಿ ಹಾಡು ಕೇಳ್ಸಿದ್ಯಲ್ಲ, ಡೋಲು ಕೇಳ್ತು. ನಂದು ಕೇಳ್ಲಿಲ್ಲ. ನೀ ಅಷ್ಟು ಖುಷಿಲೆ ನನ್ ಮಾರಿ ನೋಡ್ಲಿಕತ್ತಿದ್ದಿ. ಏನಂತ ಹೇಳ್ಲಿ?"

ಸರ್, ಆಕೆ ಅವತ್ತು ತಲೆಯಾಡಿಸಿ, ಭಾಳ ಚಲೋ ಅದ ಅಂದಿದ್ದಳು. ನಾನು ಆ ಮಾತನ್ನು ಎರಡು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಒಂದೇ ಮನೆಯಲ್ಲಿ ಬೆಳೆದೆ. ಕರೆದರೆ ಆಕೆ ತಿರುಗಿ ನೋಡದಿದ್ದಾಗ ಕೆಲಸದ ಗುಂಗಿನಲ್ಲಿದ್ದಾಳೆ ಅಂದುಕೊಂಡೆ. ಹನ್ನೊಂದು ಸಲವೂ ಲೆಕ್ಕಕ್ಕೆ ಬರಲಿಲ್ಲ ಎಂದು ನಿಮಗೆ ಬರೆದೆನಲ್ಲ, ಆ ಮಾತು ನನಗೇ ಬಂದು ತಾಗಿತು. ಆಮೇಲೆ ಆಕೆಯೇ ಎದ್ದು ಚಹಾ ಮಾಡಿದಳು.

ಹಾಗಾದರೆ ಆ ಹಾಡಿನಲ್ಲಿ ನಿನಗೆ ಏನು ಸಿಕ್ಕಿತು ಎಂದು ಕೇಳಿದೆ. "ನಾ ಮತ್ತ ಖಣಿಗಿ ಇಳಿದು ಒಡದ್ನಲ್ಲ, ಅದು ಸಿಕ್ತು. ಕೈ ಇನ್ನೂ ನೆಪ್ಪಿಟ್ಟದ" ಅಂದಳು.

ಮರುದಿನ ಶಹಾಬಾದಿಗೆ ಹೋಗಿ ಅಜಯ, ಸಾಯಿಗೆ ಎಲ್ಲ ಹೇಳಿದೆ. ನಾಲ್ಕು ನಿಮಿಷ ವಾಪಸ್ ಬೇಕು ಅಂದೆ. ಕಂಪನಿಯ ಕಾಗದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ಅಜಯ ಎದ್ದು ಹೊರಗೆ ಹೋದ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಸೇಡಂ ತನಕ ಬೈಕಿನಲ್ಲಿ ಬಂದು ನನ್ನ ಕೋಣೆಯ ಮುಂದೆ ನಿಂತ. "ಕತ್ತರಿಸಿದ್ದು ಕೇಳಿ ನೋಡ್ದೆ. ನನ್ ಹನ್ನೊಂದು ಗಾಳ್ಯಾಗ ನಿಂತಂಗ ಆಗ್ಯದ. ಯಂಕಮ್ಮ ಬಾರ್ಸಿದ್ ಮ್ಯಾಲೇ ನಾ ಬಾರ್ಸೂದು. ಕಂಪನಿ ಹೋಗ್ಲಿ" ಅಂದ. ಅವರಿಗೆ ಫೋನ್ ಮಾಡಿ ಹೇಳಿದೆವು. ಸೌಜನ್ಯದಿಂದಲೇ ಬೇಡ ಅಂದರು.

ಈಗ ನಾವೇ ಇಂಟರ್‌ನೆಟ್ಟಿಗೆ ಹಾಕಿದ್ದೇವೆ. ನಲವತ್ತೊಂಬತ್ತು ನಿಮಿಷ. ಮುಲ್ಲಾಮಾರಿಯಲ್ಲಿ ನೀವು ಹೇಳಿದ ನಾಲ್ಕು ನಿಮಿಷ ಕಳೆದೆವು, ಈಗ ಅದು ಹರಿಯುತ್ತದೆ. ಹೊನಗುಂಟಾದ ಬೇಸ್ ನಿಜವಾಗಿಯೂ ತಡವಿತ್ತು. ಸಾಯಿಕುಮಾರ ಅಳೆದು ನೋಡಿ, ಇದನ್ನು ಹಿಡಿದವರ ಕಿವಿ ಎಂಥದ್ದು ಅಂದ. ಈ ಎರಡು ಯಾರಿಗೂ ಗೊತ್ತಾಗಿರಲಿಲ್ಲ. ಅಂಕಣ ನಿಲ್ಲಿಸಬೇಡಿ ಸರ್. ಆ ಪತ್ರದಲ್ಲಿ ನೆಲದ ಬಗ್ಗೆ ನಾನು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಲುಂಬಿನಿ

•

ಚಿಂಚೋಳಿ
೨೬ ಮೇ ೨೦೨೪

ಪ್ರೀತಿಯ ತಂಗಿ ಲುಂಬಿನಿಗೆ ಶರಣು.

ನೆಲದ ಮಾತಿಗೆ ಕ್ಷಮೆ ಬೇಡ. ನಮ್ಮ ಮನೆಯ ನೆಲ ಶಹಾಬಾದ ಕಲ್ಲಿನದೇ.

ಸಂಪಾದಕರು ನನ್ನ ತಪ್ಪೊಪ್ಪಿಗೆಯನ್ನು ಹಾಕಿದರು, ರಾಜೀನಾಮೆಯನ್ನು ಒಪ್ಪಲಿಲ್ಲ. ಕಲಬುರಗಿಗೆ ಹೋಗಿ ಕಿವಿಗೆ ಮಶೀನು ಹಾಕಿಸಿಕೊಂಡೆ. ಕುಕ್ಕರಿನ ಸೀಟಿ ಬಂತು. ಸಂಗೀತ ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದಂತೆ. ನಿನ್ನ ಅವ್ವನ ಉಳಿ ಅದರಲ್ಲೂ ಸಿಗಲಿಲ್ಲ.

ಆಗ ಸೂಗಮ್ಮನಿಗೆ ಹೇಳಿದೆ: "ನೀ ಕೇಳು, ನನಗ ಹೇಳು, ನಾ ಬರೀತೀನಿ."

"ನಂಗೇನ್ ತಿಳೀತದ್ರಿ ಇದ್ರಾಗ?" ಅಂದಳು.

"ಏನು ಕೇಳ್ತದ ಅಷ್ಟೇ ಹೇಳು."

ಪಡಸಾಲೆಯಲ್ಲಿ ಎದುರುಬದುರು ಕುಳಿತೆವು. ಆಕೆ ಕಣ್ಣು ಮುಚ್ಚಿಕೊಂಡು ಕೇಳುತ್ತ, ಬೆರಳಿನಿಂದ ನನ್ನ ಅಂಗೈ ಮೇಲೆ ಏಟು ಹಾಕುತ್ತ ಹೋದಳು. ನಾಲ್ಕು, ಮೂರು, ನಾಲ್ಕು. ಹನ್ನೊಂದರ ತವರುಮನೆ ಹೀಗೆ ಸಿಕ್ಕಿತು. ಎರಡು ನಿಮಿಷವಾದ ಮೇಲೆ ಬೆರಳು ನಿಂತಿತು. ಮುಗಿಯಿತೇ ಅಂದೆ. "ತಡೀರಿ" ಅಂದಳು. ಸ್ವಲ್ಪ ಹೊತ್ತಿಗೆ ಬೆರಳು ಮತ್ತೆ ಶುರುವಾಯಿತು. ಆಗ ಕಣ್ಣು ತೆರೆದು ಹೇಳಿದಳು: "ಈಗ ಆಕಿ ಕಲ್ಲು ಹೊಳ್ಳಿಸ್ಯಾಳ. ಮೊದ್ಲಿನ ಸಪ್ಪಳ ಬ್ಯಾರೆ, ಇದು ಬ್ಯಾರೆ. ಈ ಮಗ್ಗಲಿನ್ಯಾಗ ಕಲ್ಲು ಗಟ್ಟಿ ಅದ. ಆದ್ರ ಆಕಿ ಅವಸರ ಮಾಡ್ಲಿಕತ್ತಿಲ್ಲ."

ಮೂವತ್ತು ವರ್ಷ ಬರೆದಿದ್ದೇನೆ, ಇಂಥ ಒಂದು ಸಾಲು ನನ್ನಿಂದ ಬಂದಿಲ್ಲ. ಆ ನಾಲ್ಕು ನಿಮಿಷವನ್ನು ಆಕೆ ಹೇಳಿದಂತೆಯೇ, ಆಕೆಯ ಮಾತಿನಲ್ಲೇ ಬರೆದೆ. ಉಳಿದ ಹಾಡುಗಳದ್ದು ನನ್ನದು. ಜೂನ್ ಸಂಚಿಕೆಯಲ್ಲಿ ಬರುತ್ತದೆ. ಕೆಳಗೆ ಇಬ್ಬರ ಹೆಸರಿದೆ. ಸಂಪಾದಕರು ಸೂಗಮ್ಮನವರು ಯಾರು ಎಂದು ಕೇಳಿದರು. ಕೇಳಿಸಿಕೊಳ್ಳುವವರು ಎಂದು ಬರೆದೆ.

ಕಲ್ಲು ಹೊರಳಿಸಿದ್ದು ನಿಜವೋ ಅಲ್ಲವೋ, ನಿನ್ನ ಅವ್ವನನ್ನು ಕೇಳಿ ತಿಳಿಸು. ಸೂಗಮ್ಮ ದಿನಕ್ಕೆರಡು ಸಲ ಉತ್ತರ ಬಂತೇನು ಅನ್ನುತ್ತಾಳೆ.

ಕಾಶೀನಾಥ

•

ವಾಡಿ
೯ ಜೂನ್ ೨೦೨೪

ಸರ್,

ಪತ್ರಿಕೆ ಬಂತು. ಅವ್ವನ ಬಲಗಿವಿಯ ಹತ್ತಿರ ಕುಳಿತು ಜೋರಾಗಿ ಓದಿದೆ. ಬಾಜೂ ಮನೆಯವರೂ ಬಾಗಿಲಿಗೆ ಬಂದು ನಿಂತು ಕೇಳಿದರು. ಕಲ್ಲು ಹೊಳ್ಳಿಸ್ಯಾಳ ಎಂಬಲ್ಲಿಗೆ ಬಂದಾಗ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮತ್ತೊಮ್ಮಿ ಓದು."

ಓದಿದೆ.

"ಹೌದು. ಹೊಳ್ಳಿಸಿದ್ನಿ. ಈ ಕಡಿ ಅಂಚು ಸೀಳ್ತದಂತ ಅಂಜಿಕಿ ಆಗಿ ಹೊಳ್ಳಿಸಿದ್ನಿ. ಆ ಅಕ್ಕಗ ಅಷ್ಟು ದೂರಿಂದ ಹೆಂಗ ಗೊತ್ತಾತು?"

ನಾನು ಆ ನಾಲ್ಕು ನಿಮಿಷವನ್ನು ಕಡಿಮೆಯೆಂದರೂ ಐನೂರು ಸಲ ಕೇಳಿದ್ದೇನೆ ಸರ್. ನನಗೆ ಗೊತ್ತಾಗಿರಲಿಲ್ಲ.

ಅವ್ವ ಈಗ ಚಿಂಚೋಳಿಗೆ ಬರಬೇಕು ಅನ್ನುತ್ತಿದ್ದಾಳೆ. ಸೂಗಮ್ಮನವರ ಎದುರು ಕುಳಿತು ಕಲ್ಲಿನ ಮಾತು ಆಡಬೇಕಂತೆ, ಮಗಳಿಗೆ ತಿಳಿಯುವುದಿಲ್ಲವಂತೆ. ಬರುವ ಭಾನುವಾರ ಸೇಡಂ ಬಸ್ಸಿಗೆ ಹೊರಡುತ್ತೇವೆ, ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇವೆ. ಅಮ್ಮನವರಿಗೆ ಹೇಳಿಬಿಡಿ, ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಗುತ್ತದೆ.

ಲುಂಬಿನಿ